ಅಕ್ಕಿಕಾಳು ಬಿದ್ದ ಮೇಲೆ ಏನು ಮಾಡೋಕಾಗುತ್ತೆ?

ಕಾನೂನು ಅರಿವಿನ ಕಾರ್ಯಕ್ರಮ ಅಂತ ಹಳ್ಳಿಗಳಿಗೆ ಹೋದಾಗಲೆಲ್ಲ ನನಗೆ ಈ ಪ್ರಶ್ನೆ ಎದುರಾಗುತ್ತದೆ. ಮೈಕ್ ಹಿಡಿದು ಯಾರೂ ಕೇಳುವುದಿಲ್ಲ. ಎಲ್ಲ ಮುಗಿದು ಚಹಾ ಕುಡಿಯುವಾಗ ಅಂಗನವಾಡಿ ಅಕ್ಕನೋ, ಶಾಲೆಯ ಮೇಷ್ಟ್ರೋ ಪಕ್ಕಕ್ಕೆ ಕರೆಯುತ್ತಾರೆ. "ಮೇಡಂ, ಹುಡುಗಿಗೆ ಇನ್ನೂ ಹದಿನಾರ್ರಿ. ಆದ್ರ ಅಕ್ಕಿಕಾಳು ಬಿದ್ದಾವು. ಇನ್ನೇನ್ ಮಾಡಾಕ ಬರತೈತಿ?" ಅಕ್ಕಿಕಾಳು ಬಿತ್ತು ಅಂದರೆ ಅಕ್ಷತೆ ಬಿದ್ದು ಮದುವೆ ಮುಗಿಯಿತು ಅಂತ.

ಮಾಡಬಹುದು. ಕರ್ನಾಟಕದಲ್ಲಿ ಖಂಡಿತ ಮಾಡಬಹುದು. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಇಡೀ ದೇಶದ್ದು. ಹುಡುಗಿಗೆ 18, ಹುಡುಗನಿಗೆ 21 ತುಂಬದೆ ಮದುವೆ ಮಾಡಿದರೆ ಅದು ಅಪರಾಧ ಅಂತ ಅದು ಹೇಳುತ್ತದೆ. ಆದರೆ ಅಲ್ಲೊಂದು ತೊಡಕಿದೆ. ಮಾಡಿಸಿದವರಿಗೆ ಶಿಕ್ಷೆಯೇನೋ ಇದೆ, ಮದುವೆ ಮಾತ್ರ ತಾನಾಗಿ ಬಿದ್ದುಹೋಗುವುದಿಲ್ಲ. ಬೇಡ ಅನ್ನುವ ಹುಡುಗಿ ತಾನೇ ಜಿಲ್ಲಾ ನ್ಯಾಯಾಲಯಕ್ಕೆ ಹೋಗಿ ರದ್ದು ಮಾಡಿ ಅಂತ ಕೇಳಬೇಕು. ಅದೂ 18 ತುಂಬಿದ ಎರಡು ವರ್ಷದೊಳಗೆ. ಮನೆಯಿಂದ ಹೊರಗೆ ಕಾಲಿಡಲೂ ಅಪ್ಪಣೆ ಇಲ್ಲದವಳು ವಕೀಲರನ್ನು ಹುಡುಕಿಕೊಂಡು ಹೋಗುವುದು ಹೇಗೆ, ಹೇಳಿ?

ಈ ತೊಡಕನ್ನು ನಮ್ಮ ರಾಜ್ಯ ಸರಿ ಮಾಡಿತು. 2016ರ ಕರ್ನಾಟಕ ತಿದ್ದುಪಡಿ 2017ರಲ್ಲಿ ಜಾರಿಗೆ ಬಂತು. ಅಲ್ಲಿಂದ ಮುಂದೆ ಇಲ್ಲಿ ನಡೆದ ಯಾವ ಬಾಲ್ಯವಿವಾಹವೂ ಮೊದಲಿನಿಂದಲೇ ಅಸಿಂಧು. ಅಂದರೆ ಕಾನೂನಿನ ಕಣ್ಣಿಗೆ ಆ ಮದುವೆ ನಡೆದೇ ಇಲ್ಲ. ಅದೇ ವರ್ಷ ಸುಪ್ರೀಂ ಕೋರ್ಟ್ ಒಂದು ತೀರ್ಪಿನಲ್ಲಿ, ಉಳಿದ ರಾಜ್ಯಗಳೂ ಕರ್ನಾಟಕದ ಹಾದಿ ಹಿಡಿದರೆ ಒಳ್ಳೆಯದು ಎಂದಿತು. ಇದೇ ನೆಲದಲ್ಲಿ 1894ರಷ್ಟು ಹಿಂದೆಯೇ ಮೈಸೂರು ಸಂಸ್ಥಾನ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆ ನಿಷೇಧಿಸಿತ್ತು. ಎಂಟು ವರ್ಷ! ಅಷ್ಟನ್ನು ಕಾನೂನು ಮಾಡಿ ಹೇಳಬೇಕಾದ ಕಾಲ ಅದು.

ನಡೆದೇ ಇಲ್ಲ ಅನ್ನುವ ಮಾತಿನ ತೂಕ ನನಗೆ ಒಂದು ಫಾರಂ ಮುಂದೆ ಅರ್ಥವಾಯಿತು. ಕೆಲವು ವರ್ಷದ ಹಿಂದಿನ ಮಾತು. ಮದುವೆಯಾಗಿ ನಾಲ್ಕನೇ ದಿನಕ್ಕೆ ಒಂದು ಹುಡುಗಿಯನ್ನು ಕರೆತಂದಿದ್ದರು. ಹತ್ತನೇ ಕ್ಲಾಸು. ಅಂಗೈ ಮೇಲಿನ ಮೆಹಂದಿ ಇನ್ನೂ ಕಪ್ಪಗಿತ್ತು, ಉಗುರಿನ ಸಂದಿಯಲ್ಲಿ ಅರಿಶಿನ. ಪೆನ್ನು ಕೊಟ್ಟೆವು. ತನ್ನ ಹೆಸರನ್ನು ದುಂಡಗೆ ಬರೆದಳು. ಮುಂದಿನ ಸಾಲಿನಲ್ಲಿ "ತಂದೆ/ಪತಿಯ ಹೆಸರು" ಅಂತಿತ್ತು. ಅಲ್ಲಿ ಕೈ ನಿಂತಿತು. ತುಂಬಾ ಹೊತ್ತು ಆ ಅಡ್ಡಗೆರೆಯನ್ನೇ ನೋಡುತ್ತಿದ್ದಳು. ಆಮೇಲೆ ಮೆಲ್ಲಗೆ ಕೇಳಿದಳು: "ಮೇಡಂ, ಇಲ್ಲಿ ಯಾರ ಹೆಸರು ಬರೀಲ್ರಿ?"

ಅಪ್ಪನ ಹೆಸರು ಬರಿ ಅಂದೆ. ಸುಮ್ನೆ ಸಮಾಧಾನಕ್ಕೆ ಹೇಳಿದ್ದಲ್ಲ. ನಮ್ಮ ರಾಜ್ಯದ ಕಾನೂನಿನ ಪ್ರಕಾರ ಅವಳಿಗೆ ಗಂಡನೇ ಇರಲಿಲ್ಲ.

ಆದರೂ ಕೋರ್ಟಿನಿಂದ ಒಂದು ಕಾಗದ ಮಾಡಿಸಿಕೊಳ್ಳಿ ಅಂತಲೇ ನಾನು ಹೇಳುವುದು. ಅಸಿಂಧು ಅಂತ ಕಾಯ್ದೆ ಪುಸ್ತಕದಲ್ಲಿದ್ದರೆ ಸಾಲದು, ನಾಳೆ ಊರವರು, ಬೀಗರು ಬಾಗಿಲಿಗೆ ಬಂದಾಗ ಕೈಯಲ್ಲಿ ಆದೇಶ ಇರಬೇಕು. ಹುಡುಗಿಗೆ ಜೀವನಾಂಶ, ಇರಲು ಜಾಗ ಕೊಡಿಸುವ ಅಧಿಕಾರವೂ ಕೋರ್ಟಿಗಿದೆ. ಖರ್ಚಿನ ಚಿಂತೆ ಬೇಡ. ಹೆಂಗಸರಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಸಮಿತಿಯಿಂದ ಉಚಿತವಾಗಿ ವಕೀಲರು ಸಿಗುತ್ತಾರೆ. ಫೋನ್ ನಂಬರ್ 15100.

ಇಷ್ಟು ಹೇಳಿದ ಮೇಲೆ ಹೆಚ್ಚು ಕಡಿಮೆ ಎಲ್ಲರೂ ಕೇಳುವುದು ಇನ್ನೊಂದಿದೆ. ಅಪ್ಪ ಅಮ್ಮ ಜೈಲಿಗೆ ಹೋದರೆ ಆ ಹುಡುಗಿಯ ಗತಿ ಏನು? ಈ ಭಯ ಸುಳ್ಳಲ್ಲ, ಅದನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಮದುವೆ ಮಾಡಿಸಿದವರಿಗೆ ಎರಡು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ. ಮದುವೆ ನಡೆದು ಗಂಡನ ಮನೆ ಸೇರಿದ್ದರೆ ವಿಷಯ ಇನ್ನೂ ಗಂಭೀರ. 18 ತುಂಬದ ಹೆಂಡತಿಯ ಜೊತೆ ದೈಹಿಕ ಸಂಬಂಧ ಅತ್ಯಾಚಾರವೇ ಅಂತ 2017ರ ಅದೇ ತೀರ್ಪು ಹೇಳಿದೆ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆಯೂ ಬರುತ್ತದೆ. ಹಾಗಾಗಿ ಮದುವೆಗೆ ಮೊದಲೇ ಬರುವ ಫೋನಿಗೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ. ಆಗಲೇ ತಡೆದರೆ ವಿಷಯ ಜೈಲಿನವರೆಗೆ ಹೋಗುವ ಸಂಭವ ಕಡಿಮೆ. ಮ್ಯಾಜಿಸ್ಟ್ರೇಟರು ತಡೆಯಾಜ್ಞೆ ಕೊಡಬಹುದು, ಅದನ್ನು ಮೀರಿ ಮಾಡಿದ ಮದುವೆ ದೇಶದ ಯಾವ ಮೂಲೆಯಲ್ಲೂ ನಿಲ್ಲುವುದಿಲ್ಲ. ಅಕ್ಷಯ ತೃತೀಯದಂಥ ದಿನಗಳಲ್ಲಿ ಸಾಮೂಹಿಕ ಬಾಲ್ಯವಿವಾಹ ತಡೆಯುವ ಹೊಣೆಯನ್ನು ಕಾಯ್ದೆ ನೇರವಾಗಿ ಜಿಲ್ಲಾ ಮ್ಯಾಜಿಸ್ಟ್ರೇಟರ ಮೇಲೆ ಹಾಕಿದೆ. ಹಬ್ಬದ ಹೆಸರನ್ನೇ ಕಾಯ್ದೆಯಲ್ಲಿ ಬರೆದಿದ್ದಾರೆ.

ಹುಡುಗಿ ಬೀದಿಗೆ ಬೀಳುವುದಿಲ್ಲ. ಮದುವೆಯ ಅಪಾಯದಲ್ಲಿರುವ ಮಗು ಅಂದರೆ ರಕ್ಷಣೆ ಬೇಕಾದ ಮಗು, ಹಾಗಂತ 2015ರ ಬಾಲನ್ಯಾಯ ಕಾಯ್ದೆಯಲ್ಲೇ ಇದೆ. 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕರೆತರಬೇಕು. ಮನೆಗೆ ಕಳಿಸುವುದು ಕ್ಷೇಮವೋ, ಕೆಲ ದಿನ ಬಾಲಮಂದಿರದಲ್ಲಿ ಇರುವುದು ಒಳ್ಳೆಯದೋ ಅಂತ ಅವರು ತೀರ್ಮಾನಿಸುತ್ತಾರೆ. ಬಾಲಮಂದಿರ ಜೈಲಲ್ಲ, ಅಲ್ಲಿಂದಲೇ ಶಾಲೆಗೆ ಹೋಗಬಹುದು.

ನನಗೆ ನಿಜವಾಗಿ ನೋವಾಗುವುದು ಬೇರೆ ಕಡೆ. ಅಪ್ಪ ಅಮ್ಮನಿಂದ ಮುಚ್ಚಳಿಕೆ ಬರೆಸಿಕೊಂಡು ಎಲ್ಲರೂ ಮನೆಗೆ ಹೋಗುತ್ತಾರಲ್ಲ, ಅಲ್ಲಿ. ಚಪ್ಪರ ಬಿಚ್ಚುತ್ತಾರೆ, ಹದಿನೈದು ದಿನ ಬಿಟ್ಟು ಬೇರೆ ಊರಿನ ಗುಡಿಯಲ್ಲಿ ಅದೇ ಮದುವೆ ನಡೆಯುತ್ತದೆ. ಹುಡುಗಿ ಸೋಮವಾರ ಶಾಲೆಗೆ ಬಂದಳಾ, ಮುಂದಿನ ತಿಂಗಳೂ ಬರುತ್ತಿದ್ದಾಳಾ ಅಂತ ನೋಡುವವರು ಬೇಕು. ಮೇಷ್ಟ್ರಿಗಿಂತ ಚೆನ್ನಾಗಿ ಅದನ್ನು ಬೇರೆ ಯಾರು ನೋಡಿಯಾರು? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ನಮ್ಮ ರಾಜ್ಯದ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 21 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಇಷ್ಟು ಗಟ್ಟಿ ಕಾನೂನು ಇದ್ದೂ!

ಇನ್ನು ಫೋನ್ ವಿಷಯ. ಮಕ್ಕಳ ಸಹಾಯವಾಣಿ 1098ಕ್ಕೆ ಮಾಡಿ. ದುಡ್ಡು ಬೀಳುವುದಿಲ್ಲ, ರಾತ್ರಿಯೂ ಎತ್ತುತ್ತಾರೆ, ನಿಮ್ಮ ಹೆಸರು ಹೇಳಲೇಬೇಕು ಅಂತಿಲ್ಲ. ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಆಫೀಸಿಗೂ ಹೇಳಬಹುದು. ಹುಡುಗಿಯ ಹೆಸರು, ಅಪ್ಪನ ಹೆಸರು, ಊರು, ಮದುವೆ ಎಲ್ಲಿ, ಯಾವತ್ತು ಅನ್ನುವುದಿಷ್ಟು ಗೊತ್ತಿದ್ದರೆ ಸಾಕು. ಯಾವ ಶಾಲೆಯಲ್ಲಿ ಓದುತ್ತಿದ್ದಳು ಅಂತಲೂ ಹೇಳಿ. ಆಧಾರ್‌ನಲ್ಲಿರುವ ಹುಟ್ಟಿದ ತಾರೀಖನ್ನು ತೋರಿಸಿ "ಇವಳಿಗೆ ಹತ್ತೊಂಬತ್ತು" ಅನ್ನುವವರಿದ್ದಾರೆ. ಬಾಲನ್ಯಾಯ ಕಾಯ್ದೆಯಲ್ಲಿ ವಯಸ್ಸಿಗೆ ಮೊದಲು ನೋಡುವುದು ಶಾಲೆಯ ದಾಖಲೆ.