ಎನ್‌ಎಸ್‌1, ಐಜಿಎಂ, ಐಜಿಜಿ: ಇದರಲ್ಲಿ ಯಾವುದು ಡೆಂಗಿ?

ಮಳೆಗಾಲ ಶುರುವಾದರೆ ಸಾಕು, ನಮ್ಮ ಲ್ಯಾಬ್ ಕಿಟಕಿಯಲ್ಲಿ ದಿನಕ್ಕೆ ಹತ್ತು ಸಲ ಈ ಪ್ರಶ್ನೆ ಬರುತ್ತದೆ. ರಿಪೋರ್ಟ್ ಕೈಗೆ ಬಂದ ಕೂಡಲೇ ಅದನ್ನು ತಿರುಗಿಸಿ ನನ್ನ ಮುಂದೆಯೇ ಹಿಡಿಯುತ್ತಾರೆ. "ಒಂದು ಪಾಸಿಟಿವ್, ಎರಡು ನೆಗೆಟಿವ್ ಅಂತಿದೆ. ಡೆಂಗಿ ಇದೆಯೋ ಇಲ್ವೋ ಸರ್?"

ನಾನು ತಿರುಗಿ ಕೇಳುವುದು ಒಂದೇ: "ಜ್ವರ ಬಂದು ಎಷ್ಟನೇ ದಿನ?"

ಯಾಕಂದ್ರೆ ಆ ಮೂರು ಸಾಲು ಒಂದೇ ಜಾತಿಯವಲ್ಲ. ಎನ್‌ಎಸ್‌1 ವೈರಸ್ಸಿನದು. ವೈರಸ್ ಹೊಕ್ಕ ಜೀವಕೋಶಗಳು ರಕ್ತಕ್ಕೆ ಬಿಡುವ ಒಂದು ಪ್ರೋಟೀನ್. ಮೈ 'ಇದು ನಮ್ಮದಲ್ಲ' ಎಂದು ಗುರುತು ಹಿಡಿಯುವ ಇಂಥ ವಸ್ತುವೇ ಆ್ಯಂಟಿಜನ್. ಐಜಿಎಂ, ಐಜಿಜಿ ಮಾತ್ರ ನಮ್ಮವು. ಅದನ್ನು ಹಿಡಿಯಲು ಮೈ ತಯಾರಿಸಿಕೊಳ್ಳುವ ಆ್ಯಂಟಿಬಾಡಿಗಳು, ಪಾಠಪುಸ್ತಕದ ಪ್ರತಿಕಾಯ. ಎರಡೂ 'ಆ್ಯಂಟಿ'ಯಿಂದಲೇ ಶುರುವಾಗಿ ತಲೆ ಕೆಡಿಸುತ್ತವೆ, ನಿಜ. ಅಂಗಳದಲ್ಲಿ ಸಿಕ್ಕ ಕಳ್ಳನ ಚಪ್ಪಲಿ ಆ್ಯಂಟಿಜನ್, ನಾಯಿ ಬೊಗಳಿದ್ದು ಆ್ಯಂಟಿಬಾಡಿ ಅಂದುಕೊಳ್ಳಿ.

ನಮ್ಮ ಟೆಸ್ಟ್ ಕಾರ್ಡ್ ನಡೆಯುವುದೂ ಇದೇ ಲೆಕ್ಕದಲ್ಲಿ. ಎನ್‌ಎಸ್‌1 ಪಟ್ಟಿಯಲ್ಲಿ ಗೆರೆ ಬರಬೇಕಾದ ಜಾಗಕ್ಕೆ ಆ್ಯಂಟಿಬಾಡಿಯನ್ನು ಮೊದಲೇ ಅಂಟಿಸಿರುತ್ತಾರೆ. ಹಾಕಿದ ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಪಟ್ಟಿಯನ್ನು ನೆನೆಸುತ್ತಾ ಹರಿಯುವಾಗ ಎನ್‌ಎಸ್‌1 ಇದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ. ಹದಿನೈದಿಪ್ಪತ್ತು ನಿಮಿಷಕ್ಕೆ ಒಂದು ಗುಲಾಬಿ ಗೆರೆ. ಆ ಬಣ್ಣ ಬಹಳಷ್ಟು ಕಾರ್ಡ್‌ಗಳಲ್ಲಿ ಚಿನ್ನದ ಅತಿ ಸಣ್ಣ ಕಣಗಳದ್ದು. ಹೌದು, ಚಿನ್ನವೇ! ಕೆರೆದು ತೆಗೆಯೋಕೆ ಆಗಲ್ಲ, ಬಿಡಿ.

ಜ್ವರದ ಮೊದಲ ದಿನವೇ ಎನ್‌ಎಸ್‌1 ಸಿಗಬಹುದು. ಸಾಮಾನ್ಯವಾಗಿ ವಾರದೊಳಗೆ ಮಾಯ. ಐಜಿಎಂ ನಾಲ್ಕೈದು ದಿನ ಕಳೆದ ಮೇಲೆ ಬಂದು ಎರಡು ಮೂರು ತಿಂಗಳು ಇರುತ್ತದೆ. ಹಾಗಾಗಿ ಎರಡನೇ ದಿನ ಐಜಿಎಂ ನೆಗೆಟಿವ್ ಅಂತ ಖುಷಿಪಡೋದು, ಏಳನೇ ದಿನ ಎನ್‌ಎಸ್‌1 ನೆಗೆಟಿವ್ ಅಂತ ಲ್ಯಾಬನ್ನು ಬೈಯೋದು, ಎರಡೂ ಅವಸರ.

ಐಜಿಜಿ ಕಥೆ ಬೇರೆ. ಮೊದಲ ಸಲದ ಸೋಂಕಿನಲ್ಲಿ ನಿಧಾನಕ್ಕೆ ಬಂದು ವರ್ಷಗಟ್ಟಲೆ ಉಳಿಯುತ್ತದೆ. ಎರಡನೇ ಸಲವಾದರೆ ಶುರುವಿನಲ್ಲೇ ಜೋರಾಗಿ ಏರುತ್ತದೆ. ಹಳೆಯದನ್ನು ನೆನಪಿಟ್ಟ ಮೆಮೊರಿ ಸೆಲ್‌ಗಳು ಕಾದೇ ಇರುತ್ತವಲ್ಲ! "ಹಾಗಾದ್ರೆ ಒಂದ್ಸಲ ಬಂದವರಿಗೆ ಭಯ ಇಲ್ಲ ಅಲ್ವಾ?" ಇಲ್ಲೇ ಡೆಂಗಿ ಕೈಕೊಡುವುದು. ಈ ವೈರಸ್ಸಿನಲ್ಲಿ ನಾಲ್ಕು ಬಗೆ. ಒಂದು ಬಗೆಗೆಂದು ತಯಾರಾದ ಆ್ಯಂಟಿಬಾಡಿ ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ, ಆದರೆ ಅದರ ಕೈಕಾಲು ಕಟ್ಟುವುದಿಲ್ಲ. ಆ್ಯಂಟಿಬಾಡಿ ಅಂಟಿದ್ದನ್ನು ಕಂಡ ಬಿಳಿ ರಕ್ತಕಣ ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ಸಾಯದ ವೈರಸ್ ಅಲ್ಲೇ ಮರಿ ಹಾಕುತ್ತದೆ. ಕ್ಯೂಬಾದಲ್ಲಿ 1977ರಲ್ಲಿ ಒಂದನೇ ಬಗೆ ಹರಡಿತ್ತು. 1981ರಲ್ಲಿ ಎರಡನೇ ಬಗೆ ಬಂದಾಗ 158 ಮಂದಿ ಸತ್ತರು. ಕಾಯಿಲೆ ಜಾಸ್ತಿಯಾದವರಲ್ಲಿ ಬಹುಪಾಲು ಜನಕ್ಕೆ ಮೊದಲೇ ಒಮ್ಮೆ ಡೆಂಗಿ ತಗುಲಿತ್ತು.

ಎನ್‌ಎಸ್‌1 ಜೊತೆ ಐಜಿಜಿಯೂ ಪಾಸಿಟಿವ್ ಬಂದರೆ ನಾನು ರಿಪೋರ್ಟನ್ನು ಕಿಟಕಿಯಲ್ಲಿ ಕೊಟ್ಟು ಸುಮ್ನಾಗುವುದಿಲ್ಲ. ಮೊದಲು ಡಾಕ್ಟರಿಗೆ ಫೋನ್ ಮಾಡುತ್ತೇನೆ.