ಬಾಸ್ಕೋವ್ ಓಣಿಯಿಂದ ಕ್ರೆಮ್ಲಿನ್‌ಗೆ: ಪುಟಿನ್ ಹತ್ತಿದ ಮೆಟ್ಟಿಲುಗಳು

ಸೇಂಟ್ ಪೀಟರ್ಸ್‌ಬರ್ಗ್‌ನ ದೊಡ್ಡ ರೈಲು ನಿಲ್ದಾಣದಿಂದ ಆರಾಮಾಗಿ ನಡೆದುಕೊಂಡೇ ಬಾಸ್ಕೋವ್ ಓಣಿಗೆ ಹೋಗಬಹುದು. ಅಂಥ ಚೆಂದದ ಬೀದಿಯೇನಲ್ಲ. ಎರಡೂ ಬದಿಗೆ ಹಳೇ ಕಾಲದ ಎತ್ತರದ ಕಟ್ಟಡಗಳು, ಅಂಟಿಕೊಂಡು ನಿಲ್ಲಿಸಿದ ಕಾರುಗಳು, ಅಲ್ಲಲ್ಲಿ ಬಣ್ಣ ಕಿತ್ತುಬಂದ ಗೋಡೆ. 12ನೇ ನಂಬರಿನ ಮನೆಯ ಬಾಗಿಲಲ್ಲಿ ನಂಬರ್ ಒತ್ತಿ ಒಳಗೆ ಹೋಗುವ ಬೀಗ ಇತ್ತು. ರಷ್ಯಾವನ್ನು ಕಾಲು ಶತಮಾನದಿಂದ ಆಳುತ್ತಿರುವ ವ್ಯಕ್ತಿ ಬೆಳೆದ ಮನೆ ಇದು ಎಂದು ಹೇಳುವ ಫಲಕವೇನೂ ನಮ್ಮ ಕಣ್ಣಿಗೆ ಬೀಳಲಿಲ್ಲ.

ನನ್ನ ಜೊತೆ ಚಿಕ್ಕಪ್ಪ ಇದ್ದರು. ಅವರು ಎಚ್‌ಎಎಲ್‌ನ ನಾಸಿಕ್ ಘಟಕದಲ್ಲಿ ಮಿಗ್ ವಿಮಾನಗಳ ಕೆಲಸ ಮಾಡಿ ನಿವೃತ್ತರಾದವರು. ಸೋವಿಯತ್ ಕಾಲದಲ್ಲಿ ತರಬೇತಿಗೆ ಬಂದಿದ್ದಾಗ ಕಲಿತ ರಷ್ಯನ್ ಇನ್ನೂ ನಾಲಿಗೆಯಲ್ಲಿದೆ. ಅವರಿಗೆ ಆ ಹಳೇ ದೇಶವನ್ನು ಮತ್ತೊಮ್ಮೆ ನೋಡುವ ಆಸೆ. ನನಗೆ ಬೇರೆಯೇ ಕುತೂಹಲ. ಇಂಥ ಓಣಿಯ ಒಬ್ಬ ಹುಡುಗ ಕ್ರೆಮ್ಲಿನ್‌ವರೆಗೆ ಹೋಗಿದ್ದು ಹೇಗೆ, ಯಾರ ಕೈ ಹಿಡಿದು? ಪುಸ್ತಕದಲ್ಲಿ ಓದಿದ್ದನ್ನು ಕಾಲಿನಿಂದ ನಡೆದು ನೋಡಬೇಕು ಅನ್ನಿಸಿತ್ತು.

ವ್ಲಾದಿಮಿರ್ ಪುಟಿನ್ ಹುಟ್ಟಿದ್ದು 1952ರ ಅಕ್ಟೋಬರ್ 7ರಂದು. ಆಗ ಈ ಊರಿನ ಹೆಸರು ಲೆನಿನ್‌ಗ್ರಾಡ್. ಅಪ್ಪ ರೈಲ್ವೆ ಬೋಗಿ ಕಾರ್ಖಾನೆಯ ಕಾರ್ಮಿಕ. ಅಮ್ಮ ಸಿಕ್ಕ ಸಣ್ಣಪುಟ್ಟ ಕೆಲಸ ಮಾಡುತ್ತಿದ್ದರು. ಇದೇ ಕಟ್ಟಡದ ಐದನೇ ಮಹಡಿಯಲ್ಲಿ ಅವರಿಗೆ ಇದ್ದಿದ್ದು ಒಂದೇ ಕೋಣೆ. ಆ ಕಾಲದ ಲೆನಿನ್‌ಗ್ರಾಡ್‌ನಲ್ಲಿ ಒಂದೊಂದು ಫ್ಲಾಟಿನಲ್ಲಿ ಹಲವು ಸಂಸಾರ ಇರುತ್ತಿದ್ದವು. ಅಡುಗೆಮನೆ, ಪಾಯಿಖಾನೆ ಎಲ್ಲರಿಗೂ ಒಂದೇ. ಬಿಸಿನೀರಿಲ್ಲ, ಸ್ನಾನದ ಕೋಣೆ ಇಲ್ಲ, ಲಿಫ್ಟ್ ಇಲ್ಲ. ಮೆಟ್ಟಿಲ ಬುಡದಲ್ಲಿ ಇಲಿಗಳು. ಕೋಲು ಹಿಡಿದು ಒಂದು ದೊಡ್ಡ ಇಲಿಯನ್ನು ಮೂಲೆಗೆ ಅಟ್ಟಿದಾಗ ಅದು ತಿರುಗಿ ತನ್ನ ಮೇಲೇ ಹಾರಿತು ಎಂದು ಪುಟಿನ್ 2000ರಲ್ಲಿ ಪತ್ರಕರ್ತರ ಮುಂದೆ ಹೇಳಿಕೊಂಡಿದ್ದರು. ಅವರ ಬಗ್ಗೆ ಬರೆಯುವವರೆಲ್ಲ ಇದನ್ನು ಎತ್ತುತ್ತಾರೆ. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಲಾಟರಿಯ ಕಥೆ. ಅವರ ಅಮ್ಮನಿಗೆ ಕ್ಯಾಂಟೀನಿನಲ್ಲಿ ಚಿಲ್ಲರೆ ಬದಲು ಒಂದು ಲಾಟರಿ ಟಿಕೆಟ್ ಕೊಟ್ಟರು. ಅದಕ್ಕೆ ಜಾಪರೋಜೆಟ್ಸ್ ಕಾರು ಬಂತು. ಕಾರು ಮಾರಿದ್ದರೆ ಆ ಬಡ ಮನೆಗೆ ಎಷ್ಟು ದುಡ್ಡು! ಅವರು ಅದನ್ನು ಕಾಲೇಜಿಗೆ ಹೋಗುತ್ತಿದ್ದ ಮಗನಿಗೆ ಕೊಟ್ಟುಬಿಟ್ಟರು. ಇಬ್ಬರು ಮಕ್ಕಳನ್ನು ಕಳೆದುಕೊಂಡ ಮೇಲೆ, ನಲವತ್ತು ದಾಟಿದಾಗ ಹುಟ್ಟಿದ ಮಗ ಅವನು.

ಕೈಚೀಲ ಹಿಡಿದು ಬರುತ್ತಿದ್ದ ಅಜ್ಜಿಯೊಬ್ಬರನ್ನು ಚಿಕ್ಕಪ್ಪ "ಬಾಬುಷ್ಕಾ" ಎಂದು ಕರೆದು ಮಾತಿಗೆಳೆದರು. ವಿದೇಶದವರ ಬಾಯಲ್ಲಿ ರಷ್ಯನ್ ಕೇಳಿ ಅವರಿಗೆ ಖುಷಿಯಾಯಿತು. ತೊಂಬತ್ತರ ದಶಕದಲ್ಲಿ ಕಾರ್ಖಾನೆಯವರು ತಿಂಗಳುಗಟ್ಟಲೆ ಸಂಬಳ ಕೊಡುತ್ತಿರಲಿಲ್ಲವಂತೆ. ಮನೆಯ ಸಾಮಾನು ಮೆಟ್ರೋ ಬಾಗಿಲಲ್ಲಿ ಇಟ್ಟು ಮಾರಿದರಂತೆ. "ಇವನು ಬಂದ ಮೇಲೆ ಪಿಂಚಣಿ ಸರಿಯಾಗಿ ಬಂತು, ಅಷ್ಟು ಸಾಕು ನನಗೆ," ಎಂದರು. ಉಕ್ರೇನ್ ಯುದ್ಧದ ಬಗ್ಗೆ ಚಿಕ್ಕಪ್ಪ ಏನೋ ಕೇಳಲು ಹೋದಾಗ ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ಹೊರಟುಬಿಟ್ಟರು. ಸೇನೆಯ ಹೆಸರು ಕೆಡಿಸುವ ಮಾತಾಡಿದರೆ ಶಿಕ್ಷೆ ಎಂಬ ಕಾನೂನು 2022ರ ಮಾರ್ಚ್‌ನಿಂದ ಇಲ್ಲಿದೆ. ಆಮೇಲೆ ನಾವು ಯಾರನ್ನೂ ಆ ವಿಷಯ ಕೇಳಲಿಲ್ಲ. ನಾವು ವಿಮಾನ ಹತ್ತಿ ಹೋಗುವವರು, ಅವರು ಇಲ್ಲೇ ಇರಬೇಕಾದವರು.

ಹೋಗುವವರಿಗೆ ಒಂದು ಮಾತು. ಭಾರತೀಯರಿಗೆ ಇ-ವೀಸಾ ಸಿಗುತ್ತದೆ, ಅದು ಸುಲಭ. ಆದರೆ ನಮ್ಮ ವೀಸಾ, ಮಾಸ್ಟರ್‌ಕಾರ್ಡ್‌ಗಳು ಅಲ್ಲಿ ನಡೆಯುವುದಿಲ್ಲ. ಡಾಲರ್ ಅಥವಾ ಯೂರೋ ನಗದು ಒಯ್ದು ರೂಬಲ್ ಮಾಡಿಸಿಕೊಳ್ಳಬೇಕು. ಜೂನ್‌ನಲ್ಲಿ ಹೋದರೆ ರಾತ್ರಿ ಹನ್ನೊಂದಕ್ಕೂ ಬೆಳಕು, ಎಷ್ಟು ಬೇಕಾದರೂ ನಡೆಯಬಹುದು.

ನಾವು ನಡೆದಿದ್ದು ಲಿತೇಯ್ನಿ ರಸ್ತೆಯ ಕಡೆಗೆ. ನೇವಾ ನದಿ ಹತ್ತಿರವಾದಂತೆ ಎಡಬಲದ ಕಟ್ಟಡಗಳನ್ನೆಲ್ಲ ಕುಗ್ಗಿಸುವಂಥ ಒಂದು ಭಾರೀ ಕಟ್ಟಡ ಎದುರಾಗುತ್ತದೆ. ಊರಿನವರು ಅದನ್ನು ದೊಡ್ಡ ಮನೆ ಅನ್ನುತ್ತಾರೆ. 1930ರ ದಶಕದ ಶುರುವಿನಲ್ಲಿ ಕಟ್ಟಿದ್ದು. ಸ್ಟಾಲಿನ್ ಕಾಲದ ರಹಸ್ಯ ಪೊಲೀಸರು, ಆಮೇಲೆ ಸೋವಿಯತ್ ಗೂಢಚಾರ ಸಂಸ್ಥೆ ಕೆಜಿಬಿ, ಈಗ ಅದರ ಜಾಗಕ್ಕೆ ಬಂದ ಎಫ್‌ಎಸ್‌ಬಿ ಎಲ್ಲ ಇಲ್ಲೇ. ಶಾಲೆಯಲ್ಲಿ ಓದುತ್ತಿದ್ದಾಗಲೇ ಪುಟಿನ್ ಕೆಜಿಬಿ ಕಚೇರಿಗೆ ಹೋಗಿ, ನಿಮ್ಮಲ್ಲಿ ಸೇರಲು ಏನು ಮಾಡಬೇಕು ಎಂದು ಕೇಳಿದ್ದರು. ತಾವಾಗೇ ಬಂದವರನ್ನು ನಾವು ತೆಗೆದುಕೊಳ್ಳುವುದಿಲ್ಲ ಎಂಬ ಉತ್ತರ ಬಂತು. ಯಾವ ಓದು ಒಳ್ಳೇದು ಎಂದಿದ್ದಕ್ಕೆ ಕಾನೂನು ಎಂದರು. ಹುಡುಗ ಲೆನಿನ್‌ಗ್ರಾಡ್ ವಿಶ್ವವಿದ್ಯಾಲಯದಲ್ಲಿ ಕಾನೂನನ್ನೇ ಓದಿದ. 1975ರಲ್ಲಿ ಪದವಿ, ಅದೇ ವರ್ಷ ಕೆಜಿಬಿ ಕೆಲಸ.

"ಹಟ ಇದೆ ನೋಡು," ಎಂದರು ಚಿಕ್ಕಪ್ಪ. ಹಟ ಇತ್ತು, ನಿಜ. ಆದರೆ ಆ ವಯಸ್ಸಿಗೇ ಇವರು ಸೇರಲು ಬಯಸಿದ್ದು ಯಾವ ಮನೆಗೆ ಅನ್ನುವುದನ್ನು ನಾನು ಬಿಡಲಾರೆ. ಅಲ್ಲಿಂದ ಸ್ವಲ್ಪವೇ ದೂರದಲ್ಲಿ, ನದಿಯ ದಂಡೆ ಮೇಲೆ, ರಾಜಕೀಯ ದಮನಕ್ಕೆ ಬಲಿಯಾದವರ ಸ್ಮಾರಕವಿದೆ. ಎದುರುಬದುರಾಗಿ ಕೂತ ಎರಡು ಕಂಚಿನ ಸ್ಫಿಂಕ್ಸ್‌ಗಳು. ಮನೆಗಳ ಕಡೆಯಿಂದ ನೋಡಿದರೆ ಹೆಣ್ಣಿನ ಸುಂದರ ಮುಖ. ಸುತ್ತು ಹಾಕಿ ನದಿಯ ಕಡೆಗೆ ಹೋದರೆ ಅದೇ ಮುಖದ ಇನ್ನರ್ಧ ಬರೀ ತಲೆಬುರುಡೆ. ಆ ಅರ್ಧ ನೋಡುತ್ತಿರುವುದು ಆಚೆ ದಡದ ಹಳೇ ಕ್ರೆಸ್ತಿ ಜೈಲನ್ನು. ಶಿಲ್ಪಿ ಮಿಖಾಯಿಲ್ ಶೆಮ್ಯಾಕಿನ್. ಸ್ಮಾರಕ ನಿಲ್ಲಿಸಿದ್ದು 1995ರಲ್ಲಿ. ಆಗ ಈ ಊರಿನ ಮೇಯರ್ ಅನತೋಲಿ ಸೋಬ್ಚಾಕ್, ಅವರ ಮೊದಲ ಉಪಮೇಯರ್ ಪುಟಿನ್.

ಕೆಜಿಬಿಯಿಂದ ಅಲ್ಲಿಗೆ ಬಂದಿದ್ದು ಹೀಗೆ. 1985ರಿಂದ ಪುಟಿನ್ ಪೂರ್ವ ಜರ್ಮನಿಯ ಡ್ರೆಸ್ಡೆನ್‌ನಲ್ಲಿದ್ದರು. ಬರ್ಲಿನ್ ಗೋಡೆ ಬಿದ್ದ ಮರುತಿಂಗಳು, 1989ರ ಡಿಸೆಂಬರ್‌ನಲ್ಲಿ, ಜನ ಕೆಜಿಬಿ ಮನೆಯ ಗೇಟಿಗೂ ಬಂದರು. ಹತ್ತಿರದ ಸೋವಿಯತ್ ಸೇನೆಗೆ ಫೋನ್ ಮಾಡಿದರೆ, ಮಾಸ್ಕೋದಿಂದ ಆದೇಶವಿಲ್ಲ, ಮಾಸ್ಕೋ ಮಾತಾಡುತ್ತಿಲ್ಲ ಎಂದರು. ಆ ಮೌನ ಅವರ ಮನಸ್ಸಿನಲ್ಲಿ ಉಳಿದುಬಿಟ್ಟಿತು. 1990ರಲ್ಲಿ ಲೆನಿನ್‌ಗ್ರಾಡ್‌ಗೆ ವಾಪಸ್ ಬಂದರು. ಸೋಬ್ಚಾಕ್ ಅಂದರೆ ಪುಟಿನ್‌ಗೆ ಕಾನೂನು ಪಾಠ ಹೇಳಿದ್ದ ಮೇಷ್ಟ್ರು. ಪ್ರಜಾಪ್ರಭುತ್ವದ ಪರವಾಗಿ ಸೊಗಸಾಗಿ ಮಾತಾಡುತ್ತಿದ್ದ ನಾಯಕ. 1991ರಲ್ಲಿ ಜನ ಅವರನ್ನು ಮೇಯರ್ ಮಾಡಿದರು. ಹಳೇ ವಿದ್ಯಾರ್ಥಿಗೆ ವಿದೇಶಿ ವ್ಯವಹಾರಗಳ ಸಮಿತಿಯ ಹೊಣೆ ಸಿಕ್ಕಿತು.

ಆ ಕಾಲದ ಆಡಳಿತ ನಡೆದಿದ್ದು ಸ್ಮೋಲ್ನಿಯಲ್ಲಿ. 1917ರಲ್ಲಿ ಲೆನಿನ್ ಕ್ರಾಂತಿ ನಡೆಸಿದ್ದೂ ಅಲ್ಲಿಂದಲೇ. ನಾವು ಹೊರಗಿನ ಉದ್ಯಾನದಲ್ಲಿ ಅಡ್ಡಾಡಿದೆವು. ಹಳದಿ ಬಣ್ಣದ ಆ ಕಟ್ಟಡ ನೋಡುವಾಗ ನನಗೆ ನೆನಪಾದವರು ಮರೀನಾ ಸಾಲ್ಯೇ. ಭೂವಿಜ್ಞಾನಿ, ನಗರಸಭೆಯ ಸದಸ್ಯೆ. 1991-92ರ ಚಳಿಗಾಲದಲ್ಲಿ ಊರಲ್ಲಿ ಆಹಾರವಿರಲಿಲ್ಲ. ಲೋಹ, ತೈಲ ವಿದೇಶಕ್ಕೆ ಮಾರಿ ಆಹಾರ ತರಿಸುವ ಪರವಾನಗಿಗಳನ್ನು ಪುಟಿನ್ ಅವರ ಸಮಿತಿ ಕೊಟ್ಟಿತು. ಸುಮಾರು 10 ಕೋಟಿ ಡಾಲರ್‌ನ ವ್ಯವಹಾರ. ಸರಕು ಹೋಯಿತು, ಆಹಾರ ಬರಲೇ ಇಲ್ಲ ಅನ್ನುವಷ್ಟು ಕಡಿಮೆ ಬಂತು. ಸಾಲ್ಯೇ ತನಿಖೆ ಮಾಡಿ ಪುಟಿನ್ ಅವರನ್ನು ತೆಗೆಯಿರಿ ಎಂದು ವರದಿ ಕೊಟ್ಟರು. ತಪ್ಪು ಕಂಪನಿಗಳದ್ದು ಎಂದರು ಪುಟಿನ್. ಸೋಬ್ಚಾಕ್ ಪುಟಿನ್‌ರನ್ನು ತೆಗೆಯಲಿಲ್ಲ. ಸಾಲ್ಯೇ ಮುಂದೆ ರಾಜಕೀಯ ಬಿಟ್ಟು ದೂರದ ಹಳ್ಳಿಯೊಂದಕ್ಕೆ ಹೋಗಿ ನೆಲೆಸಿದರು. 2012ರಲ್ಲಿ ತೀರಿಕೊಂಡರು. ಹಸಿವಿನ ಲೆಕ್ಕ ಕೇಳಿದ ಆ ಹೆಂಗಸಿನ ಹೆಸರು ಇನ್ನೂ ಜಾಸ್ತಿ ಜನಕ್ಕೆ ಗೊತ್ತಾಗಬೇಕಿತ್ತು.

1996ರ ಚುನಾವಣೆಯಲ್ಲಿ ಸೋಬ್ಚಾಕ್ ಸೋತರು. ಪುಟಿನ್ ಮಾಸ್ಕೋಗೆ ಹೋಗಿ ಅಧ್ಯಕ್ಷರ ಆಸ್ತಿ ನೋಡಿಕೊಳ್ಳುವ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿಂದ ಮೇಲೆ ಹೋದ ವೇಗ ನೋಡಿ: 1998ರ ಜುಲೈನಲ್ಲಿ ಎಫ್‌ಎಸ್‌ಬಿ ಮುಖ್ಯಸ್ಥ, 1999ರ ಆಗಸ್ಟ್‌ನಲ್ಲಿ ಪ್ರಧಾನಿ, ಡಿಸೆಂಬರ್ 31ಕ್ಕೆ ಹಂಗಾಮಿ ಅಧ್ಯಕ್ಷ. ಇಷ್ಟೂ ದಾರಿಯಲ್ಲಿ ಅವರು ಒಂದೇ ಒಂದು ಚುನಾವಣೆಗೆ ನಿಂತಿರಲಿಲ್ಲ! ಹಾಗಾದರೆ ಮೆಟ್ಟಿಲು ಹತ್ತಿಸಿದ್ದು ಏನು? ಮೇಲಿನವರಿಗೆ ತೋರಿಸಿದ ನಿಷ್ಠೆ. 1997ರಲ್ಲಿ ಸೋಬ್ಚಾಕ್ ಮೇಲೆ ಭ್ರಷ್ಟಾಚಾರದ ತನಿಖೆ ನಡೆಯುತ್ತಿತ್ತು. ಅವರನ್ನು ವಿಮಾನದಲ್ಲಿ ಪ್ಯಾರಿಸ್‌ಗೆ ಕಳಿಸಲು ನೆರವಾಗಿದ್ದು ಪುಟಿನ್. ಅಧ್ಯಕ್ಷ ಯೆಲ್ತ್ಸಿನ್ ಇದನ್ನು ಗಮನಿಸಿದರು. 1999ರಲ್ಲಿ ಯೆಲ್ತ್ಸಿನ್ ಪರಿವಾರದ ಹಣದ ವ್ಯವಹಾರ ಕೆದಕುತ್ತಿದ್ದ ಮಹಾ ಅಭಿಯೋಜಕ ಸ್ಕುರಾತೋವ್ ಅವರನ್ನು ಹೋಲುವವರ ಖಾಸಗಿ ವಿಡಿಯೋ ಟಿವಿಯಲ್ಲಿ ಬಂತು. ಅದರಲ್ಲಿರುವುದು ಅವರೇ ಎಂದು ಮಾಧ್ಯಮದ ಮುಂದೆ ನಿಂತು ಹೇಳಿದ್ದು ಎಫ್‌ಎಸ್‌ಬಿ ಮುಖ್ಯಸ್ಥ ಪುಟಿನ್. ಹಂಗಾಮಿ ಅಧ್ಯಕ್ಷರಾದ ದಿನವೇ ಸಹಿ ಹಾಕಿದ ಆದೇಶ ಯಾವುದು ಗೊತ್ತಾ? ಇಳಿದು ಹೋದ ಅಧ್ಯಕ್ಷರಿಗೆ ಕಾನೂನಿನ ರಕ್ಷಣೆ ಕೊಡುವುದು.

ಸೋಬ್ಚಾಕ್ ಸಮಾಧಿ ಅಲೆಕ್ಸಾಂಡರ್ ನೆವ್ಸ್ಕಿ ಮಠದ ನಿಕೋಲ್ಸ್ಕೊಯೆ ಸ್ಮಶಾನದಲ್ಲಿದೆ. ಶಿಷ್ಯ ಗೆಲ್ಲುವ ಮೊದಲೇ, 2000ದ ಫೆಬ್ರುವರಿಯಲ್ಲಿ ಅವರು ಸತ್ತರು. ಅದೇ ಸ್ಮಶಾನದಲ್ಲಿ ಗಲೀನಾ ಸ್ತಾರೊವೊಯ್ತೊವಾ ಕೂಡ ಇದ್ದಾರೆ. 1998ರ ನವೆಂಬರ್‌ನಲ್ಲಿ ತಮ್ಮ ಮನೆಯ ಮೆಟ್ಟಿಲ ಮೇಲೇ ಗುಂಡೇಟಿಗೆ ಸಿಕ್ಕ ಸಂಸದೆ. ಪ್ರಜಾಪ್ರಭುತ್ವ ಬರುತ್ತದೆ ಎಂದು ನಂಬಿದ್ದ ಒಂದು ತಲೆಮಾರು ಅಲ್ಲಿ ಮಲಗಿದೆ. ನಾನು ಅಲ್ಲಿ ತುಂಬ ಹೊತ್ತು ಇದ್ದೆ.

ಇನ್ನೊಂದು ಸ್ಮಶಾನದ ಬಗ್ಗೆ ಹೇಳಲೇಬೇಕು. ಊರಿನ ಉತ್ತರಕ್ಕಿರುವ ಪಿಸ್ಕರ್ಯೋವ್ಸ್ಕೊಯೆ. 1941ರ ಸೆಪ್ಟೆಂಬರ್‌ನಿಂದ 1944ರ ಜನವರಿವರೆಗೆ 872 ದಿನ ನಾಜಿ ಸೇನೆ ಈ ಊರನ್ನು ಮುತ್ತಿತ್ತು. ಮೊದಲ ಚಳಿಗಾಲದಲ್ಲಿ ಬಹಳಷ್ಟು ಜನರಿಗೆ ದಿನಕ್ಕೆ 125 ಗ್ರಾಂ ಬ್ರೆಡ್. ಇಲ್ಲಿ ಸುಮಾರು 4 ಲಕ್ಷ 90 ಸಾವಿರ ಜನರನ್ನು ಹೂಳಿದ್ದಾರೆ. ಬಿಡಿ ಬಿಡಿ ಗೋರಿಗಳಿಲ್ಲ. ಹುಲ್ಲು ಹೊದ್ದ ಉದ್ದುದ್ದ ದಿಬ್ಬಗಳು. ಪ್ರತಿ ದಿಬ್ಬದ ತುದಿಗೆ ಒಂದು ಗ್ರಾನೈಟ್ ಕಲ್ಲು, ಕಲ್ಲಿನ ಮೇಲೆ ಬರೀ ಇಸವಿ. 1942, 1942, 1942. ನಾಗರಿಕರಾದರೆ ಸುತ್ತಿಗೆ ಕುಡುಗೋಲು, ಸೈನಿಕರಾದರೆ ನಕ್ಷತ್ರ. ಕೆಲವು ಕಲ್ಲುಗಳ ಮೇಲೆ ಯಾರೋ ಬ್ರೆಡ್ ತುಂಡು, ಕಾಗದ ಸುತ್ತಿದ ಚಾಕಲೇಟ್ ಇಟ್ಟಿದ್ದರು. ಪುಟಿನ್ ಹುಟ್ಟುವ ಮೊದಲೇ ತೀರಿಹೋದ ಅಣ್ಣ ವಿಕ್ತೋರ್ ಈ ಮಣ್ಣಿನಲ್ಲೇ ಇದ್ದಾನೆ. ಮುತ್ತಿಗೆಯ ನಡುವೆ ಡಿಫ್ತೀರಿಯಾದಿಂದ ಸತ್ತ ಪುಟ್ಟ ಮಗು. ಅವರ ಅಮ್ಮ ಹಸಿವಿನಿಂದ ಸಾವಿನ ಬಾಗಿಲಿಗೆ ಹೋಗಿ ಬಂದವರು. ಅಪ್ಪ ನೇವಾ ದಡದ ಯುದ್ಧದಲ್ಲಿ ಕಾಲಿಗೆ ಏಟು ತಿಂದು ಜೀವನವಿಡೀ ಕುಂಟಿದವರು. ಪುಟಿನ್ ಇಲ್ಲಿ ಬಂದು ಹೂವಿಡುತ್ತಾರೆ. ಆ ದುಃಖ ಸುಳ್ಳು ಎಂದು ನಾನು ಹೇಳುವುದಿಲ್ಲ.

ಅದಕ್ಕೇ ನನಗೆ ಹೆಚ್ಚು ಸಂಕಟವಾಗುತ್ತದೆ. 2022ರ ಫೆಬ್ರುವರಿ 24ಕ್ಕೆ ಅವರು ಉಕ್ರೇನ್ ಮೇಲೆ ಸೇನೆ ಕಳಿಸಿದರು. ಮಾರ್ಚ್ 1ರಂದು ಹಾರ್ಕಿವ್‌ನಲ್ಲಿ ನಮ್ಮ ರಾಣೆಬೆನ್ನೂರು ತಾಲ್ಲೂಕಿನ ಹುಡುಗ, ಮೆಡಿಕಲ್ ಓದಲು ಹೋಗಿದ್ದವನು, ಶೆಲ್ ದಾಳಿಗೆ ಬಲಿಯಾದ. ಬಂಕರ್‌ನಿಂದ ಹೊರಗೆ ಬಂದಿದ್ದು ಊಟದ ಸಾಮಾನು ತರಲು. ಹೆಣ ಊರಿಗೆ ಬರಲು ಮೂರು ವಾರ ಹಿಡಿಯಿತು. ಅಪ್ಪ ಅಮ್ಮ ಮಗನ ದೇಹವನ್ನು ದಾವಣಗೆರೆಯ ಮೆಡಿಕಲ್ ಕಾಲೇಜಿಗೆ ದಾನ ಮಾಡಿದರು. "ಹಸಿವು ಅಂದ್ರೆ ಏನು ಅಂತ ಗೊತ್ತಿದ್ದ ಮನೆಯವರು ಅಲ್ವಾ ಇವರು," ಎಂದರು ಚಿಕ್ಕಪ್ಪ. ಅಲ್ಲಿಯವರೆಗೂ ಅವರು ಪುಟಿನ್ ಬಗ್ಗೆ ಒಳ್ಳೇ ಮಾತೇ ಆಡಿದ್ದರು. 2004ರ ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ಬಂದು ಇನ್ಫೋಸಿಸ್ ನೋಡಿಹೋದ ಅಧ್ಯಕ್ಷರ ಮೇಲೆ ಅವರಿಗೆ ಅಭಿಮಾನವಿತ್ತು.

ಸಪ್ಸಾನ್ ರೈಲು ನಾಲ್ಕು ಗಂಟೆಯಲ್ಲಿ ಮಾಸ್ಕೋ ಮುಟ್ಟಿಸುತ್ತದೆ. ದಾರಿಯುದ್ದ ಬರ್ಚ್ ಮರಗಳು. ಚಿಕ್ಕಪ್ಪ ಕೇಳಿದರು, "ಆದ್ರೂ ಜನ ಓಟು ಹಾಕಿದ್ರಲ್ಲಪ್ಪ?" ಹಾಕಿದರು. 1999ರ ಸೆಪ್ಟೆಂಬರ್‌ನಲ್ಲಿ ಬುಯ್ನಾಕ್ಸ್ಕ್, ಮಾಸ್ಕೋ, ವೋಲ್ಗೊದೊನ್ಸ್ಕ್‌ಗಳಲ್ಲಿ ಜನ ಮಲಗಿದ್ದ ಕಟ್ಟಡಗಳು ಸ್ಫೋಟಗೊಂಡು ಸುಮಾರು 300 ಮಂದಿ ಸತ್ತಿದ್ದರು. ಮಾಡಿಸಿದ್ದು ಯಾರು ಎಂದು ಎದ್ದ ಪ್ರಶ್ನೆಗಳಿಗೆ ಸ್ವತಂತ್ರ ತನಿಖೆ ಆಗಲೇ ಇಲ್ಲ. ಚೆಚೆನ್ಯಾ ಯುದ್ಧ ಶುರುವಾಯಿತು. ಕುಡಿತ, ಕಾಯಿಲೆಗಳಿಂದ ಸೊರಗಿದ ಯೆಲ್ತ್ಸಿನ್ ಪಕ್ಕದಲ್ಲಿ 47ರ ಗಟ್ಟಿ ಮನುಷ್ಯ ಭರವಸೆಯಂತೆ ಕಂಡರು. 2000ದ ಮಾರ್ಚ್‌ನಲ್ಲಿ ಸುಮಾರು 53 ಶೇಕಡಾ ಮತ ಬಂತು. ಆಮೇಲೆ ತೈಲದ ಬೆಲೆ ಏರಿತು, ಸಂಬಳ ಬಂತು. ಅದರ ಜೊತೆಗೇ ಟಿವಿ ಚಾನೆಲ್‌ಗಳು ಸರ್ಕಾರದ ಕೈಗೆ ಹೋದವು, ಎದುರಾಡಿದ ಶ್ರೀಮಂತರು ಜೈಲಿಗೆ ಹೋದರು. 2008ರಲ್ಲಿ ತಮ್ಮ ಆಪ್ತ ಮೆದ್ವೆದೇವ್‌ಗೆ ಅಧ್ಯಕ್ಷರ ಕುರ್ಚಿ ಕೊಟ್ಟು ನಾಲ್ಕು ವರ್ಷ ಪ್ರಧಾನಿಯಾಗಿ ಕೂತರು, 2012ರಲ್ಲಿ ವಾಪಸ್ ಪಡೆದರು. 2020ರ ಸಂವಿಧಾನ ತಿದ್ದುಪಡಿಯಿಂದ 2036ರವರೆಗೂ ಇರಬಹುದು. 2024ರಲ್ಲಿ 87 ಶೇಕಡಾ ಎಂದು ಘೋಷಿಸಿದರು. ಆ ಚುನಾವಣೆಗೆ ಒಂದು ತಿಂಗಳು ಮೊದಲು ಪುಟಿನ್ ವಿರೋಧಿ ನಾಯಕ ನವಾಲ್ನಿ ಆರ್ಕ್ಟಿಕ್ ಜೈಲಿನಲ್ಲಿ ಸತ್ತಿದ್ದರು.

ಕ್ರೆಮ್ಲಿನ್ ಪಕ್ಕದ ಬೊಲ್ಶೊಯ್ ಮಾಸ್ಕ್ವೊರೆತ್ಸ್ಕಿ ಸೇತುವೆ ಮೇಲೆ ನಡೆದೆವು. 2015ರ ಫೆಬ್ರುವರಿ 27ರ ರಾತ್ರಿ ಪುಟಿನ್‌ಗೆ ಎದುರಾಡುತ್ತಿದ್ದ ರಾಜಕಾರಣಿ ಬೊರಿಸ್ ನೆಮ್ತ್ಸೊವ್ ಅವರನ್ನು ಇಲ್ಲೇ ಗುಂಡಿಟ್ಟು ಕೊಂದರು. ಕೊಂದವರಿಗೆ ಶಿಕ್ಷೆಯಾಯಿತು, ಕೊಲ್ಲಿಸಿದವರು ಯಾರೆಂದು ಕೋರ್ಟಿನಲ್ಲಿ ಹೊರಬರಲಿಲ್ಲ. ಒಂದು ಕಾಲದಲ್ಲಿ ಯೆಲ್ತ್ಸಿನ್ ತಮ್ಮ ನಂತರ ಈ ನೆಮ್ತ್ಸೊವ್ ಎಂದೇ ಯೋಚಿಸಿದ್ದರು. ನಿಜ್ನಿ ನೊವ್ಗೊರೊದ್‌ನಲ್ಲಿ ಜನರ ಮತ ಪಡೆದು ರಾಜ್ಯಪಾಲರಾಗಿದ್ದವರು ಅವರು.

"ಇವರೇ ಆಗಿದ್ದಿದ್ರೆ?" ಎಂದರು ಚಿಕ್ಕಪ್ಪ.

"1998ರ ಆಗಸ್ಟ್‌ನಲ್ಲಿ ರೂಬಲ್ ಬಿತ್ತಲ್ಲ ಚಿಕ್ಕಪ್ಪ, ಆ ಸರ್ಕಾರದಲ್ಲಿ ಇವರು ಉಪಪ್ರಧಾನಿ. ಅಲ್ಲಿಗೆ ಇವರ ದಾರಿ ಮುಗೀತು," ಎಂದೆ. ಅದಾಗಿ ಸುಮಾರು ಒಂದು ವರ್ಷಕ್ಕೆ ಯೆಲ್ತ್ಸಿನ್ ಟಿವಿಯಲ್ಲಿ ಪುಟಿನ್ ಹೆಸರು ಹೇಳಿದರು. ರಷ್ಯಾದ ಬಹಳ ಜನರಿಗೆ ಆವತ್ತಿನವರೆಗೂ ಆ ಹೆಸರು ಅಷ್ಟಾಗಿ ಗೊತ್ತಿರಲಿಲ್ಲ.