ಹಿನ್ನೀರಿನ ಹಳೆಯ ಹಾಯಿದೋಣಿ: ಚುಕ್ಕಾಣಿ ಅಂಟಿಸುವ ಮೊದಲು ತೂಗಿ ನೋಡಿ

ಶರಾವತಿ ಹಿನ್ನೀರಿನಲ್ಲಿ ಹಾಯಿದೋಣಿಯ ಚುಕ್ಕಾಣಿ ಮುರಿಯುವುದು ಹೆಚ್ಚಾಗಿ ಗಾಳಿಗಲ್ಲ, ಬೊಡ್ಡೆಗೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಮುಳುಗಿದ ಕಾಡಿನ ಮರದ ಬುಡಗಳು ಇನ್ನೂ ಒಳಗೆ ನಿಂತಿವೆ. ಜಲಾಶಯ ಸಮುದ್ರಮಟ್ಟದಿಂದ 1819 ಅಡಿಯ ಪೂರ್ಣ ಮಟ್ಟಕ್ಕೆ ತುಂಬಿದಾಗ ಅವುಗಳ ಮೇಲೆ ನಿಶ್ಚಿಂತೆಯಿಂದ ಸಾಗಬಹುದು. ಬೇಸಿಗೆಯಲ್ಲಿ ನೀರು ಇಳಿದಂತೆ ಅವೇ ಬೊಡ್ಡೆಗಳು ಚುಕ್ಕಾಣಿಯ ಆಳಕ್ಕೆ ಬಂದು, ಕಣ್ಣಿಗೆ ಬೀಳದೆ ಇರುತ್ತವೆ.

ಆದರೆ ಒಂದೇ ಪೆಟ್ಟಿಗೆ ಎರಡಾಗುವ ಚುಕ್ಕಾಣಿ ಅದಕ್ಕೂ ಮೊದಲೇ ಒಳಗೆ ಕೊಳೆತಿರುತ್ತದೆ. ಹಳೆಯ ಫೈಬರ್ ಚುಕ್ಕಾಣಿಯೆಂದರೆ ಎರಡು ತೆಳು ಪದರ, ನಡುವೆ ತಿರುಳಾಗಿ ಪ್ಲೈವುಡ್ ಅಥವಾ ಫೋಮ್. ದೋಣಿಯ ಹಿಂಬದಿ ಹಲಗೆಯಲ್ಲಿರುವ ಕಣ್ಣಿಗೆ ಚುಕ್ಕಾಣಿಯ ಪಿಂಟಲ್ ಕೂರುತ್ತದೆ, ಬಾಗಿಲ ಬಿಜಾಗರಿ ಇದ್ದ ಹಾಗೆ. ಆ ಪಿಂಟಲ್ ಹಿಡಿದಿರುವ ಬೋಲ್ಟಿನ ತೂತಿನಿಂದಲೇ ನೀರು ಇಳಿಯುವುದು. ತುದಿಯಲ್ಲಿ ಬಿರುಕು ಕಂಡರೂ ಮೊದಲು ಕೈಹಾಕಬೇಕಾದದ್ದು ಈ ತೂತುಗಳಿಗೆ.

ಪರೀಕ್ಷೆಗೆ ಒಂದು ರೂಪಾಯಿ ನಾಣ್ಯ ಸಾಕು. ಎರಡೂ ಬದಿಯಲ್ಲಿ ಅಂಗುಲ ಅಂಗುಲಕ್ಕೆ ತಟ್ಟುತ್ತಾ ಹೋಗಿ. ಗಟ್ಟಿ ಇರುವಲ್ಲಿ ಟಕ್ ಎನ್ನುತ್ತದೆ. ಪದರ ಬಿಟ್ಟಲ್ಲಿ ಮಂಕಾದ ಸದ್ದು. ಅಷ್ಟು ಜಾಗಕ್ಕೆ ಪೆನ್ಸಿಲ್ ಗೆರೆ ಎಳೆದಿಡಿ. ಆಮೇಲೆ ಲೋಹದ ಭಾಗಗಳನ್ನೆಲ್ಲ ಬಿಚ್ಚಿ, ತಕ್ಕಡಿಯಲ್ಲಿ ತೂಗಿ, ಗ್ರಾಂ ಲೆಕ್ಕ ಚುಕ್ಕಾಣಿಯ ಮೇಲೆಯೇ ಬರೆಯಿರಿ. ಈ ಕೆಲಸದಲ್ಲಿ ಇದಕ್ಕಿಂತ ಉಪಯೋಗದ ಅಂಕಿ ಇನ್ನೊಂದಿಲ್ಲ.

ಒಣಗಿಸುವುದೇ ಅರ್ಧ ಕೆಲಸ, ಎಲ್ಲರೂ ಅವಸರ ಮಾಡುವುದೂ ಇಲ್ಲೇ. ಪದರ ಬಿಟ್ಟ ಜಾಗದಲ್ಲಿ ಒಂದು ಬದಿಯ ಫೈಬರನ್ನು ಕತ್ತರಿಸಿ ತೆಗೆದು, ಕಪ್ಪಾದ ತಿರುಳನ್ನು ಉಳಿಯಲ್ಲಿ ಕೆರೆದು ಹಾಕಿ. ಉಳಿದ ತಿರುಳಿನಲ್ಲಿ 5 ಮಿಮೀ ತೂತುಗಳನ್ನು ಕೊರೆದು, ಬುಡದ ಕಡೆ ಕೆಳಗೆ ಮಾಡಿ ನಿಲ್ಲಿಸಿ. ಜನವರಿಯಿಂದ ಏಪ್ರಿಲ್‌ವರೆಗೆ ನೆರಳಿನ ಗಾಳಿಯೇ ಸಾಕು, ಮೂರು ನಾಲ್ಕು ವಾರ ಹಿಡಿಯುತ್ತದೆ. ಜೂನ್ ಆಮೇಲೆ ಮಲೆನಾಡಿನಲ್ಲಿ ಏನೂ ಒಣಗುವುದಿಲ್ಲ. ಆಗ ಥರ್ಮಾಕೋಲ್ ಹಲಗೆಗಳಿಂದ ಪೆಟ್ಟಿಗೆ ಮಾಡಿ, ಒಳಗೆ 100 ವ್ಯಾಟಿನ ಹಳೇ ಬಲ್ಬ್ ಇಟ್ಟು, ಮೇಲೆ ಕೆಳಗೆ ಗಾಳಿಕಿಂಡಿ ಬಿಡಿ. ಬಲ್ಬ್ ಥರ್ಮಾಕೋಲಿಗೆ ತಾಗಬಾರದು, ಒಳಗಿನ ಬಿಸಿ 45 ಡಿಗ್ರಿ ದಾಟಬಾರದು. ಅಡಿಕೆ ಒಣಗಿಸಿದಂತೆ ಬಚ್ಚಲೊಲೆಯ ಅಟ್ಟಕ್ಕೆ ಏರಿಸಬೇಡಿ: ಹಬೆ ಒಳಗೆ ಹೋಗುತ್ತದೆ, ಮಸಿ ಕೂತು ಅಂಟು ಹಿಡಿಯುವುದಿಲ್ಲ. ಮೂರು ದಿನಕ್ಕೊಮ್ಮೆ ತೂಗಿ. ಸತತ ಮೂರು ಸಲ ಒಂದೇ ತೂಕ ಬಂದರೆ ಒಣಗಿತು ಎಂದರ್ಥ. ಒದ್ದೆ ತಿರುಳಿನ ಮೇಲೆ ಮುಚ್ಚಿದ ಪದರ ಬಿಸಿಲಿಗೆ ಉಬ್ಬಿ ಮತ್ತೆ ಬಿಡುತ್ತದೆ.

ತಿರುಳು ತುಂಬಲು ಐಎಸ್ 710 ಮುದ್ರೆಯ ಮರೀನ್ ಪ್ಲೈ ತನ್ನಿ. ಐಎಸ್ 303 ಅಡುಗೆಮನೆಯ ಕಪಾಟಿಗೆ ಸರಿ, ಚುಕ್ಕಾಣಿಗಲ್ಲ. ಮನೆಯಲ್ಲಿ ತೇಗದ ತುಂಡು ಇದ್ದರೆ ಅದೂ ಆಗುತ್ತದೆ, ಆದರೆ ಅದರಲ್ಲಿ ಎಣ್ಣೆ ಅಂಶ ಜಾಸ್ತಿ; ಅಂಟು ಹಚ್ಚುವ ಸ್ವಲ್ಪ ಮುಂಚೆ ಅಸಿಟೋನ್ ಬಟ್ಟೆಯಲ್ಲಿ ಒರೆಸಿ. ಸಿಲ್ವರ್ ಓಕ್ ಬೇಡವೇ ಬೇಡ, ನೀರಿಗೆ ಬಾಳುವುದಿಲ್ಲ.

ಫೈಬರ್ ಪದರಕ್ಕೆ ಎಪಾಕ್ಸಿ ಅಂಟನ್ನೇ ಬಳಸಿ. ಪಾಲಿಯೆಸ್ಟರ್ ಅಂಟು ಅಗ್ಗ, ಆದರೆ ಹಳೆಯ ಮೈಗೆ ಅಷ್ಟು ಗಟ್ಟಿಯಾಗಿ ಅಂಟುವುದಿಲ್ಲ. ನೀರಿನ ಟ್ಯಾಂಕ್ ರಿಪೇರಿಗೆ ಸಿಗುವ ಚಾಪೆಯಂಥ ಫೈಬರ್ ಮ್ಯಾಟ್ ಕೂಡ ಇಲ್ಲಿ ಸಲ್ಲದು: ಅದರ ಎಳೆಗಳನ್ನು ಹಿಡಿದಿಡುವ ಅಂಟು ಪಾಲಿಯೆಸ್ಟರಿನಲ್ಲಿರುವ ಸ್ಟೈರೀನ್‌ಗೆ ಕರಗುತ್ತದೆ, ಎಪಾಕ್ಸಿಗೆ ಕರಗುವುದಿಲ್ಲ. ನೇಯ್ದ ಬಟ್ಟೆ ಬೇಕು. ಹಳೆಯ ಪದರ 2 ಮಿಮೀ ದಪ್ಪ ಇದ್ದರೆ ಅದರ 12 ಪಟ್ಟು, ಅಂದರೆ 24 ಮಿಮೀ ಅಗಲಕ್ಕೆ ಅಂಚನ್ನು ಇಳಿಜಾರಾಗಿ ತಿಕ್ಕಿ. ಚದರ ಮೀಟರಿಗೆ 400 ಗ್ರಾಂ ತೂಗುವ ಬಟ್ಟೆ ಐದು ಪದರ ಹಾಕಿದರೆ ಹೆಚ್ಚುಕಡಿಮೆ ಆ ದಪ್ಪ ಬರುತ್ತದೆ. ದೊಡ್ಡ ತುಂಡು ಮೊದಲು, ಚಿಕ್ಕದು ಮೇಲೆ. ಆಗ ಕೊನೆಗೆ ತಿಕ್ಕುವಾಗ ಮುಖ್ಯ ಪದರ ಸವೆಯುವುದಿಲ್ಲ. ಎಪಾಕ್ಸಿಯನ್ನು ಗಟ್ಟಿ ಮಾಡುವ ಹಾರ್ಡನರನ್ನು ಅಂದಾಜಿನಲ್ಲಿ ಸುರಿಯಬೇಡಿ, ಡಬ್ಬದ ಮೇಲಿನ ಅನುಪಾತಕ್ಕೆ ತೂಗಿ ಹಾಕಿ. ಹೆಚ್ಚು ಹಾಕಿದರೆ ಬೇಗ ಗಟ್ಟಿಯಾಗುತ್ತದೆ ಎಂಬುದು ತಪ್ಪು, ಮೆತ್ತಗೇ ಉಳಿಯುತ್ತದೆ. ಏಪ್ರಿಲ್ ಮಧ್ಯಾಹ್ನ ಲೋಟದಲ್ಲಿ ಕಲಸಿಟ್ಟದ್ದು ಹೊಗೆಯಾಡುವಷ್ಟು ಕಾಯುತ್ತದೆ. 100 ಗ್ರಾಂಗಿಂತ ಹೆಚ್ಚು ಕಲಸದೆ, ಕೂಡಲೇ ಅಗಲ ತಟ್ಟೆಗೆ ಸುರಿದುಕೊಳ್ಳಿ. ತೇವದ ಗಾಳಿಯಲ್ಲಿ ಗಟ್ಟಿಯಾದ ಎಪಾಕ್ಸಿ ಮೇಲೆ ಮೇಣದಂಥ ಜಿಡ್ಡು ಕೂರುತ್ತದೆ. ಮುಂದಿನ ಪದರಕ್ಕೆ ಮುಂಚೆ ಅದನ್ನು ನೀರು ಮತ್ತು ಪಾತ್ರೆ ಉಜ್ಜುವ ಹಸಿರು ನಾರಿನಿಂದ ತೊಳೆದು ಒಣಗಿಸಿ, ಆಮೇಲಷ್ಟೇ ಮರಳು ಕಾಗದ.

ಇನ್ನು ತೂತುಗಳು. 6 ಮಿಮೀ ಬೋಲ್ಟಿಗೆ 12 ಮಿಮೀ ಕೊರೆದು, ಸಿಲಿಕಾ ಪುಡಿ ಸೇರಿಸಿ ಬೆಣ್ಣೆಯಷ್ಟು ಗಟ್ಟಿ ಮಾಡಿದ ಎಪಾಕ್ಸಿ ತುಂಬಿ. ಮರುದಿನ ಅದರ ನಡುವೆ 6 ಮಿಮೀ ಕೊರೆಯಿರಿ. ಈಗ ಬೋಲ್ಟಿನ ಸುತ್ತ ಮರ ಎಲ್ಲೂ ನೀರಿಗೆ ತೆರೆದಿಲ್ಲ.

ಮಾರ್ಪಾಡು ಮಾಡುವುದಾದರೆ ಒಂದೇ ಒಂದು ಸಾಕು: ಬೊಡ್ಡೆಗೆ ತಾಗಿದರೆ ಹಿಂದಕ್ಕೆ ಮಡಚುವ ಅಲಗು. 12 ಮಿಮೀ ಪ್ಲೈನ ಎರಡು ಕೆನ್ನೆ, ನಡುವೆ ಅಲಗು, ಎರಡೂ ಬದಿಗೆ ಒಂದೊಂದು ಮಿಮೀ ಸಡಿಲ, 10 ಮಿಮೀ ಸ್ಟೀಲ್ ಬೋಲ್ಟ್, ಸಡಿಲವಾಗದ ನೈಲಾಕ್ ನಟ್. ಅಲಗನ್ನು ಕೆಳಗೆ ಹಿಡಿದಿಡಲು ಬರೀ ಎಲಾಸ್ಟಿಕ್ ಹಗ್ಗ ಹಾಕುವವರಿದ್ದಾರೆ. ಅದು ವೇಗಕ್ಕೆ ಹಿಗ್ಗಿ ಅಲಗು 10 ಡಿಗ್ರಿ ಹಿಂದೆ ಸರಿಯುತ್ತದೆ. 80 ಸೆಂಮೀ ಅಲಗಿನ ನಡುಭಾಗದಲ್ಲಿ ಅದು 7 ಸೆಂಮೀ. ನೀರಿನ ಒತ್ತಡದ ಕೇಂದ್ರ ಮುಂದಂಚಿನಿಂದ ಅಗಲದ ಕಾಲು ಭಾಗದಲ್ಲಿರುವುದರಿಂದ, 24 ಸೆಂಮೀ ಅಗಲದ ಅಲಗಿಗೆ ಚುಕ್ಕಾಣಿ ತಿರುಗುವ ಗೆರೆಯಿಂದ ಆ ಕೇಂದ್ರದ ದೂರ ಮೊದಲು 6 ಸೆಂಮೀ, ಈಗ 13. ಚುಕ್ಕಾಣಿ ತಿರುಗಿಸುವ ಹಿಡಿ ಎರಡು ಪಟ್ಟು ಭಾರವಾಗುತ್ತದೆ, ಜನ ಹಾಯಿಯನ್ನು ದೂರುತ್ತಾರೆ. ಹಿಗ್ಗದ 5 ಮಿಮೀ ಹಗ್ಗ ಹಾಕಿ, ಅದರ ತುದಿಯನ್ನು ತೆಳು ಹತ್ತಿ ದಾರದ ಕೆಲವು ಸುತ್ತಿನಿಂದ ಕಟ್ಟಿ. ಪೆಟ್ಟು ಬಿದ್ದರೆ ದಾರ ಹರಿಯುತ್ತದೆ, ಅಲಗು ಉಳಿಯುತ್ತದೆ. ಅಲಗು ನೆಟ್ಟಗಿಂತ ಮುಂದೆ ಹೋಗದಂತೆ ಕೆನ್ನೆಗಳ ನಡುವೆ ಒಂದು ತಡೆಕಟ್ಟೆಯೂ ಇರಲಿ.

ಅಲಗಿನ ಮುಂದಂಚು ಉರುಟಾಗಿ, ಅತಿ ದಪ್ಪ ಮುಂದಿನಿಂದ ಮೂರನೇ ಒಂದು ಭಾಗದಲ್ಲಿ ಬರಲಿ. ಹಿಂದಂಚನ್ನು ಚಾಕುವಿನಂತೆ ಮಾಡಿದರೆ ಚಕ್ಕೆ ಏಳುತ್ತದೆ. 2 ಮಿಮೀ ಚೌಕ ಬಿಡಿ.

ಕೂರಿಸುವಾಗ ಕೆಳಗಿನ ಪಿಂಟಲ್ ಮೇಲಿನದಕ್ಕಿಂತ 10 ಮಿಮೀ ಉದ್ದ ಇದ್ದರೆ, ಅಲುಗಾಡುವ ದೋಣಿಯಲ್ಲೂ ಒಂದಾದ ಮೇಲೊಂದು ಕಣ್ಣಿಗೆ ಸೇರಿಸಬಹುದು. ಕಣ್ಣು ಸವೆದು ಗಡಗಡ ಎನ್ನುತ್ತಿದ್ದರೆ ನೈಲಾನ್ ಬುಷ್ ಹಾಕಿಸಿ. ದೋಣಿ ಮಗುಚಿದಾಗ ಚುಕ್ಕಾಣಿ ಕಳಚದಂತೆ ತಡೆಯುವ ಕ್ಲಿಪ್ ಮರೆಯಬೇಡಿ.

ಎಪಾಕ್ಸಿಗೆ ಒಂದು ವಾರ ಸಮಯ ಕೊಟ್ಟು, ಬಣ್ಣ ಹೊಡೆದು, ಬೋಲ್ಟ್ ಬಿಗಿದು, ಮತ್ತೆ ತೂಗಿ. ಮೂರು ದಿನ ತೊಟ್ಟಿಯಲ್ಲಿ ಮುಳುಗಿಸಿಟ್ಟು, ಒರೆಸಿ ಇನ್ನೊಮ್ಮೆ ತೂಗಿ. ತೂಕ ಏರಿದ್ದರೆ ಇನ್ನೂ ಎಲ್ಲೋ ನೀರು ಇಳಿಯುತ್ತಿದೆ. ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿ, ಯಾವ ತೂತು ಒದ್ದೆಯಾಗಿದೆ ಎಂದು ನೋಡಿ.